ದಿಯೊಲಿಂಡಾ ಫುರ್ಟಾಡೊ ತಿದ್ದದೆ ಬಿಟ್ಟ ವಾಕ್ಯ

ನಗರಾಡಳಿತದ ಕಾನೂನು ಹೆಸರು ತಂದುಕೊಡುವ ಕ್ಷೇತ್ರವಲ್ಲ. ಚರಂಡಿ ಕಟ್ಟಿಕೊಂಡಾಗ ಬೈಯಿಸಿಕೊಳ್ಳುವುದಕ್ಕೂ, ಅದು ಸರಾಗವಾಗಿ ಹರಿಯುವಾಗ ಯಾರ ನೆನಪಿಗೂ ಬಾರದೆ ಇರುವುದಕ್ಕೂ ಸಿದ್ಧರಾದವರು ಮಾತ್ರ ಅಲ್ಲಿ ಬಾಳಿಯಾರು. ಮ್ಯಾಸಚೂಸೆಟ್ಸ್ ಕರಾವಳಿಯ ನಮ್ಮ ಪೋರ್ಟ್ ಆಲ್ಡನ್ ನಗರಸಭೆಯಲ್ಲಿ ಅಂಥ ಬಾಳನ್ನು ಸಂತೋಷದಿಂದ ಬಾಳಿ, ನಗರದ ವಕೀಲರ ಹುದ್ದೆಯಿಂದ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ದಿಯೊಲಿಂಡಾ ಫುರ್ಟಾಡೊ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಕೈಕೆಳಗೆ ದೀರ್ಘಕಾಲ ದುಡಿದ ಈ ಲೇಖಕನಿಗೆ ಒದಗಿದೆ.

ಅವರ ತಂದೆ ಪೋರ್ಚುಗಲ್ಲಿಗೆ ಸೇರಿದ ಅಝೋರ್ಸ್ ದ್ವೀಪಗಳಿಂದ ಬಂದ ಮೀನುಗಾರರು. ದೋಣಿಯ ಪರವಾನಗಿಗೆ ಅವರು ಹಾಕಿದ ಅರ್ಜಿ ಭಾಷೆ ತಪ್ಪಾಗಿದೆ ಎಂಬ ಕಾರಣಕ್ಕೆ ಹಿಂದಕ್ಕೆ ಬಂದಿತ್ತು. ಇಡೀ ಬೇಸಗೆ ದೋಣಿ ದಡದಲ್ಲೇ ಕುಳಿತಿತು, ಅಪ್ಪ ಅದರ ಪಕ್ಕದಲ್ಲಿ ಕುಳಿತರು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ದಿಯೊಲಿಂಡಾ ಅದನ್ನು ನೋಡುತ್ತಲೇ ವ್ಯಾಕರಣದ ಹುಚ್ಚು ಹತ್ತಿಸಿಕೊಂಡರು. ತಪ್ಪು ವಾಕ್ಯ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬ ಅವರ ನಂಬಿಕೆ ಹುಟ್ಟಿದ್ದು ಪುಸ್ತಕದಿಂದಲ್ಲ.

ಮುಂದೆ ಕಾನೂನು ಓದಿ ನಗರಸಭೆಗೆ ಸೇರಿದ ಮೇಲೂ ಆ ಹುಚ್ಚು ಇಳಿಯಲಿಲ್ಲ. ಕ್ಯಾಂಟೀನಿನ ಗೋಡೆಗೆ ಅಂಟಿಸಿದ ತಿಂಡಿಪಟ್ಟಿಯನ್ನೂ ತಿದ್ದಿದ ಪ್ರಸಂಗಗಳುಂಟು. ಆದರೆ ಅವರು ಕೆಂಪು ಶಾಯಿ ಬಳಸಿದ್ದನ್ನು ಯಾರೂ ಕಾಣರು. ಪೆನ್ಸಿಲ್ಲಿನಲ್ಲಿ ತೆಳುವಾಗಿ ಗುರುತು ಮಾಡಿ, ಬರೆದವರೇ ಅಳಿಸಿ ಸರಿಪಡಿಸಿಕೊಳ್ಳುವಂತೆ ಬಿಡುತ್ತಿದ್ದರು. ಈ ಲೇಖಕನ ಮೊದಲ ಟಿಪ್ಪಣಿ ಗುರುತುಗಳಿಂದ ತುಂಬಿ ಹಿಂದಿರುಗಿದ ದಿನ, ಅದರ ಜೊತೆಗೆ ಅವರ ಮನೆಯ ಸಿಹಿ ಬ್ರೆಡ್ಡಿನ ದೊಡ್ಡ ತುಂಡೂ ಬಂದಿತ್ತು. ಇಂಗ್ಲಿಷ್ ಬಾರದ ಮುದುಕರು ಅರ್ಜಿ ಕೊಡುವ ಕಿಟಕಿಯ ಬಳಿ ತಡಕಾಡುತ್ತಿದ್ದರೆ, ವಕೀಲರು ತಮ್ಮ ಕೋಣೆಯಿಂದ ಎದ್ದು ಬಂದು ನಿಯಮವನ್ನು ಪೋರ್ಚುಗೀಸಿನಲ್ಲಿ ಓದಿ ಹೇಳುತ್ತಿದ್ದ ಆ ದಿನಗಳು ನೆನಪಾದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ನಗರದ ಸನ್ನದನ್ನು, ಎಂದರೆ ಆಡಳಿತದ ಮೂಲ ನಿಯಮಾವಳಿಯನ್ನು, ಪರಿಷ್ಕರಿಸಲು ಚುನಾಯಿತ ಸಮಿತಿಯೊಂದು ಕೂತಾಗ, ಕರಡು ತಿದ್ದುವ ಹೊಣೆ ಸಹಜವಾಗಿಯೇ ಅವರ ಪಾಲಿಗೆ ಬಂತು. ಸಾರ್ವಜನಿಕ ಭೂಮಿಯ ಅಧ್ಯಾಯದಲ್ಲಿ ಹಳೆಯ ಕಾಲದ ಒಂದು ವಾಕ್ಯವಿತ್ತು: “ಈ ಊರಿನ ವಾಸಿಗಳು ಹರಡಿಕೊಳ್ಳುತ್ತಿರುವವರೆಗೆ ಬಂದರಿನ ಬಯಲನ್ನು ಮಾರತಕ್ಕದ್ದಲ್ಲ, ಗೇಣಿಗೆ ಕೊಡತಕ್ಕದ್ದಲ್ಲ.” ಏನನ್ನು ಹರಡಿಕೊಳ್ಳುವುದು? ಕರ್ಮಪದವೇ ಇಲ್ಲ! ಹಿಂದೆ ಅಲ್ಲಿ ‘ಕಾಡ್’ ಎಂಬ ಸಮುದ್ರಮೀನನ್ನು ಹರಡಿ ಒಣಹಾಕುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಶ್ರೀಮತಿ ಫುರ್ಟಾಡೊ ಪೆನ್ಸಿಲ್ ಎತ್ತಿಕೊಂಡು ‘ಮೀನನ್ನು’ ಎಂಬ ಪದವನ್ನು ಸೇರಿಸಿದರು. ಸಮಿತಿಯವರೆಲ್ಲ ತಲೆದೂಗಿದರು. ಅದೇ ಬಯಲಿನಲ್ಲಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಲು ಹೋಟೆಲಿನವರೊಬ್ಬರು ಓಡಾಡುತ್ತಿದ್ದ ವಿಷಯ ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಆ ವಾರವೇ ಪೋರ್ಚುಗೀಸ್ ಕೇರಿಯವರ ಪವಿತ್ರಾತ್ಮನ ಹಬ್ಬ ಬಂತು. ಅಂದು ಬಂದವರಿಗೆಲ್ಲ, ಯಾರು ಎತ್ತ ಎಂದು ಕೇಳದೆ, ಆ ಬಯಲಿನಲ್ಲೇ ಊಟ. ಒಂದು ಮಗ್ಗುಲಲ್ಲಿ ಬಲೆಗಳು ಒಣಗುತ್ತಿದ್ದವು. ಇನ್ನೊಂದು ಮಗ್ಗುಲಲ್ಲಿ ಸೋಪಾಶ್ ಎಂಬ ಹಬ್ಬದ ಮಾಂಸದ ಸಾರು ಹಂಡೆಗಳಲ್ಲಿ ಕುದಿಯುತ್ತಿತ್ತು. ನೆರೆಮನೆಯ ಜುಲ್ಮಿರಾ ಚಿಕ್ಕಮ್ಮನ ಜೊತೆ ಉದ್ದನೆಯ ಮೇಜುಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದ ದಿಯೊಲಿಂಡಾ, ಬಟ್ಟೆಯನ್ನು ಗಾಳಿಗೆ ಝಾಡಿಸಿದವರು ಹಾಗೆಯೇ ನಿಂತುಬಿಟ್ಟರು.

“ಚಿಕ್ಕಮ್ಮಾ, ನಾನೀಗ ಏನ್ ಮಾಡ್ತಿದೀನಿ?”

“ಬಟ್ಟೆ ಹರಡ್ತಿದೀಯ, ಇನ್ನೇನು! ಬಿಸಿಲಿಗೆ ತಲೆ ಸುತ್ತುತ್ತೇನೇ? ಆ ಕಡೆ ತುದಿ ಹಿಡ್ಕೋ, ಸಾರು ಆರಿಹೋಗುತ್ತೆ.”

ತುದಿ ಹಿಡಿದುಕೊಂಡರು. ಆದರೆ ಅವರಿಗೆ ಅಂದು ಊಟ ಸೇರಲಿಲ್ಲ. ಬಯಲಿನಲ್ಲಿ ಮೀನು ಒಣಗಿಸುವುದು ಅವರು ಹುಟ್ಟುವ ಮೊದಲೇ ನಿಂತುಹೋಗಿತ್ತು. ಹೊಸ ಸನ್ನದು ಜಾರಿಗೆ ಬಂದ ಗಳಿಗೆಯಲ್ಲೇ ಷರತ್ತು ಬಿದ್ದುಹೋಗಿ ಬಯಲು ಮಾರಾಟಕ್ಕೆ ಸಿಕ್ಕುತ್ತಿತ್ತು. ಬಲೆಗೂ ಹಬ್ಬದೂಟಕ್ಕೂ ಅಲ್ಲಿ ಜಾಗ ಉಳಿಯುತ್ತಿರಲಿಲ್ಲ. ಅಪ್ಪನ ದೋಣಿ ಕೂತಿದ್ದೂ ಇದೇ ಬಯಲಿನ ಅಂಚಿನಲ್ಲಿ. ತಪ್ಪು ವಾಕ್ಯವೊಂದು ತಮ್ಮವರನ್ನು ಇಷ್ಟು ಕಾಲ ಕಾಯ್ದಿತ್ತು, ತಾವು ಸರಿಪಡಿಸಿದ ವಾಕ್ಯ ಅವರನ್ನು ಎಬ್ಬಿಸಿ ಕಳಿಸಲಿತ್ತು. ಜೀವಮಾನದ ನಂಬಿಕೆ ಹೀಗೆ ತಿರುಗಿ ನಿಂತಾಗ ಆಗುವ ಸಂಕಟವನ್ನು ಅವರ ಮುಖದಲ್ಲಿ ಕಂಡವರು ನಾವು.

ಸಮಿತಿಯ ಮುಂದಿನ ಸಭೆಯಲ್ಲಿ ಆ ಪದವನ್ನು ಹೊಡೆದುಹಾಕಬೇಕೆಂದು ಅವರೇ ಎದ್ದುನಿಂತು ಕೇಳಿಕೊಂಡರು. ಅಧ್ಯಕ್ಷ ಹಾರ್ಲನ್ ವಿಂಗೇಟ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಅಲ್ಲ ಫುರ್ಟಾಡೊ ಅವ್ರೇ, ನನ್ನ ಮಗಳ ಮದುವೆ ಕಾಗದದಲ್ಲೂ ಅಲ್ಪವಿರಾಮ ತಿದ್ದಿದೋರು ನೀವು. ಈಗ ವಾಕ್ಯ ತಪ್ಪಾಗೇ ಇರ್ಲಿ ಅಂತೀರಾ?”

ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ.

“ಹೌದು ಸರ್, ಇದೊಂದು ಇರ್ಲಿ. ಮೀನು ಅಂತ ಬರೆದ್ರೆ, ನಾಳೆ ಯಾರೋ ಒಬ್ರು ಕೋರ್ಟಲ್ಲಿ ನಿಂತು ಎಲ್ರೀ ಮೀನು ಅಂತ ಕೇಳ್ತಾರೆ. ಏನ್ ತೋರಿಸೋಣ? ಪದ ಸೇರಿಸಿದ್ದು ನಾನೇ. ಬೈಯೋದಿದ್ರೆ ನನ್ನನ್ನ ಬೈರಿ, ಬಯಲು ಮಾತ್ರ ಬಿಡಿ.”

“ಬಲೆ, ಮೇಜು, ಬಟ್ಟೆ ಅಂತ ಒಂದೊಂದಾಗಿ ಬರೆದ್ರಾಯ್ತಲ್ಲ?”

“ಮೊಮ್ಮಕ್ಕಳು ಏನ್ ತಂದು ಹರಡ್ತಾರೋ ನಮಗೇನ್ ಗೊತ್ತು ಸರ್?”

ಮತ ಹಾಕಿದಾಗ ಎರಡೂ ಕಡೆ ಸಮಸಮವಾಯಿತು. ಉಳಿದದ್ದು ವಿಂಗೇಟ್ ಅವರ ಕೈ. ಅವರು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದರು.

“ನಮ್ಮಮ್ಮ ಅಲ್ಲಿ ಹೊದಿಕೆ ಹರಡ್ತಿದ್ರು” ಎಂದು ಗೊಣಗಿ ಕೈ ಎತ್ತಿದರು.

ಮತದಾರರೂ ಆ ಸನ್ನದನ್ನು ಒಪ್ಪಿದರು. ಹೋಟೆಲಿನವರು ಬೇರೆ ಊರು ಹುಡುಕಿಕೊಂಡು ಹೋದರು. ಬಯಲು ಇಂದಿಗೂ ಬಯಲಾಗಿಯೇ ಇದೆ. ಈಚೆಗೆ ಕಾಲೇಜಿನ ಹುಡುಗಿಯರು ಅಲ್ಲಿ ಯೋಗದ ಚಾಪೆ ಹಾಸುತ್ತಾರೆ. ಜುಲ್ಮಿರಾ ಚಿಕ್ಕಮ್ಮ ಈಗಿಲ್ಲ. ಹಬ್ಬದ ದಿನ ಮೇಜುಬಟ್ಟೆಯ ಆ ತುದಿಯನ್ನು ಯಾರು ಹಿಡಿದರೂ ದಿಯೊಲಿಂಡಾ ಅವರು ಕ್ಷಣಕಾಲ ತಡೆದು ನಿಲ್ಲುವುದನ್ನು ನಾವು ಪ್ರತಿವರ್ಷವೂ ನೋಡುತ್ತೇವೆ, ನೋಡಿಯೂ ನೋಡದಂತಿರುತ್ತೇವೆ.

ವಿಶ್ರಾಂತಿ ಎಂಬ ಪದದ ಪರಿಚಯವೇ ಇಲ್ಲದ ಅವರು, ವಲಸೆ ಬಂದವರಿಗೆ ಸಂಜೆಯ ಹೊತ್ತು ಇಂಗ್ಲಿಷ್ ಕಲಿಸುವುದಾಗಿ ಈಗಾಗಲೇ ಘೋಷಿಸಿದ್ದಾರೆ. ಅವರಿಗೆ ಆರೋಗ್ಯ ಕೂಡಿದ ದೀರ್ಘಾಯುಷ್ಯವನ್ನು ಹಾರೈಸುತ್ತ, ಅಭಿಮಾನಿಗಳೆಲ್ಲರ ಪರವಾಗಿ ಬೇಡಿಕೊಳ್ಳುವುದು ಇಷ್ಟೇ: ಶ್ರೀಮತಿ ಫುರ್ಟಾಡೊ ಅವರು ಇನ್ನೂ ಬಹುಕಾಲ ನಮ್ಮ ನಡುವೆ ಹರಡಿಕೊಳ್ಳುತ್ತಿರಲಿ. ಏನನ್ನು ಎಂದು ಕೇಳಿ ಅವರು ಪೆನ್ಸಿಲ್ ಎತ್ತಿಕೊಂಡರೆ, ಇದೊಂದನ್ನೂ ಹಾಗೆಯೇ ಬಿಡಬೇಕೆಂದು ವಿನಯಪೂರ್ವಕ ಪ್ರಾರ್ಥನೆ.