ಬರಲಿರುವ ಔಷಧಕ್ಕೆ ಕಾದವನು

ಕೌಲ್ ಬಜಾರಿನಲ್ಲಿ ನಮ್ಮ ಪಕ್ಕದ ಮನೆಯವನು ಜೀನ್ಸ್ ಹೊಲಿಯುತ್ತಿದ್ದ. ಟಿಬಿ ಗುಳಿಗೆ ಶುರುಮಾಡಿ ಎರಡು ತಿಂಗಳಲ್ಲಿ ಕೆಮ್ಮು ನಿಂತಿತು. ಅಷ್ಟಕ್ಕೇ ಗುಳಿಗೆ ಬಿಟ್ಟ. ಕೇಳಿದರೆ ಮೀಸೆ ತೀಡುತ್ತ ಮೊಬೈಲನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದ.

"ನೋಡ್ರಿ ಸರ, ನ್ಯಾನೋ ಔಷಧ ಬರಾಕತ್ತೈತಿ. ಕಣ್ಣಿಗೆ ಕಾಣದಂಥ ಕಣದಾಗ ತುಂಬಿ ಸೀದಾ ಶ್ವಾಸಕೋಶಕ್ಕ ಕಳಿಸ್ತಾರಂತ. ದಿನಾ ನುಂಗೋ ಕಾಟ ಇಲ್ಲ."

"ಅದಿನ್ನೂ ಪ್ರಯೋಗದಾಗೈತಿ ಮಾರಾಯಾ! ಈ ಗುಳಿಗಿ ನಿನ್ನ ಮನ್ಯಾಗೈತಿ."

"ಅದು ಬರ್ಲಿ, ತಡೀರಿ."

ಎಷ್ಟು ಸಲ ಹೇಳಿದರೂ ಇದೇ ಉತ್ತರ. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಸಿರುಗುಪ್ಪದ ಮದುವೆಯೊಂದರಲ್ಲಿ ಊಟಕ್ಕೆ ಕೂತವನು ರಕ್ತ ಕೆಮ್ಮಿದ. ನಡುವೆ ಬಿಟ್ಟಿದ್ದರಿಂದ ಹಳೆಯ ಗುಳಿಗೆ ಇನ್ನು ನಾಟುವುದಿಲ್ಲವೆಂದು ಡಾಕ್ಟರು ಬೇರೆ ಗುಳಿಗೆ ಕೊಟ್ಟರು. ಅವು ಹೊಟ್ಟೆ ತೊಳೆಸುತ್ತಿದ್ದವು, ಕಾಲು ಜೋಮು ಹಿಡಿಸುತ್ತಿದ್ದವು. ಹೆಂಡತಿ ದಿನಾ ಬೆಳಿಗ್ಗೆ ಅವನನ್ನು ಹೊಸ್ತಿಲಲ್ಲಿ ಕೂರಿಸಿ, ಚೊಂಬು ಹಿಡಿದು ಎದುರಿಗೆ ನಿಲ್ಲುತ್ತಿದ್ದಳು.

"ಬಾಯಿ ತೆಗೀರಿ. ನಾಲಿಗಿ ಎತ್ರಿ."

ಒಂದು ದಿನ ನಾಲಿಗೆಯಡಿ ಗುಳಿಗೆ ಹಾಗೇ ಇತ್ತು. ಅವಳು ಬೈಯಲಿಲ್ಲ.

"ನಿನ್ನೆಯಿಂದ ಕೂಸೂ ಕೆಮ್ಮಾಕತ್ತೈತಿ," ಎಂದಳಷ್ಟೇ.

ನೀರಿಗೂ ಕಾಯದೆ ನುಂಗಿದ. ಮಗಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ತಪಾಸಣೆಯಲ್ಲಿ ಅವಳಿಗೆ ಬರೀ ನೆಗಡಿ ಎಂದು ತಿಳಿಯಿತು. ಅವನು ಮಾತ್ರ ಆಮೇಲೆ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ.