ಪುಂಡಿ ನಾರಿನ ಲಗ್ನಪತ್ರಿಕೆ

ನಮ್ಮ ಮನೆಯವರು ಅಲಖನೂರಿನ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಮಗಳ ಲಗ್ನ ಗೊತ್ತಾದಾಗ, ಹಳೆಯ ವಾರಪತ್ರಿಕೆಯೊಂದರಲ್ಲಿ ಜಪಾನಿನ ಪೊದೆಗಿಡದ ಚಿತ್ರ ಅವರ ಕಣ್ಣಿಗೆ ಬಿತ್ತು. ಎಲೆ ಉದುರಿದ ಮೇಲೆ ಹಳದಿ ಹೂಗೊಂಚಲು, ಒಂದೊಂದು ಟೊಂಗೆಯೂ ಮೂರಾಗಿ ಒಡೆಯುವುದು. ಅದರ ತೊಗಟೆಯಿಂದ ಅಲ್ಲಿಯವರು ಕೈಯಲ್ಲೇ ಕಾಗದ ಮಾಡುತ್ತಾರಂತೆ. ಊಟಕ್ಕೆ ಕುಳಿತಾಗಲೂ ಅದೇ ಮಾತು.

"ನಮ್ಮ ಪುಂಡಿಗೇನ ಕಡಿಮಿ ಆಗೇತಿ? ಅದೂ ನಾರ, ಇದೂ ನಾರ" ಎಂದರು. ಪುಂಡಿ ಎಲೆಯಿಂದ ಪಲ್ಯ, ದಂಟಿನ ನಾರಿನಿಂದ ಹಗ್ಗ, ಇಷ್ಟು ನನಗೆ ಗೊತ್ತಿತ್ತು. ಲಗ್ನಪತ್ರಿಕೆ ಗೊತ್ತಿರಲಿಲ್ಲ.

ದಂಟು ಕೊಯ್ದು, ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಸೋಡಾದಲ್ಲಿ ಕುದಿಸಿ, ನನ್ನ ಒನಕೆಯಿಂದಲೇ ಕುಟ್ಟಿದರು. ಆ ನಾತಕ್ಕೆ ಎಮ್ಮೆಯೂ ಮುಖ ತಿರುಗಿಸಿತು. ಆದರೆ ಒಣಗಿದ ಹಾಳೆಗಳು ಚೆಂದವಾಗಿದ್ದವು, ಸುಳ್ಳೇಕೆ ಹೇಳಲಿ. ಹತ್ತಿರದವರಿಗಷ್ಟೇ ಸಾಲುವಷ್ಟಿದ್ದವು. ಕುಂಚದಿಂದ ಅಕ್ಷರ ಬರೆದು, ಅಂಚುಗಳನ್ನು ಹರಕುಮುರುಕಾಗಿಯೇ ಬಿಟ್ಟರು. "ಕೈಯಾಗ ಮಾಡಿದ್ದಕ್ಕ ಅದ ಗುರ್ತ" ಎಂದರು. ಮೂಲೆಗಳಿಗೆ ಅರಿಷಿಣ ಹಚ್ಚಿದವಳು ನಾನೇ. ನನಗೂ ಏನೂ ಹೊಳೆಯಲಿಲ್ಲ.

ಮೊದಲ ಪತ್ರಿಕೆ ಕೊಡಲು ಇಬ್ಬರೂ ತೆಲಸಂಗಕ್ಕೆ, ಬೀಗರ ಮನೆಗೆ ಹೋದೆವು. ಮಗಳಿಗೆ ಮೊದಲು ಬಂದಿದ್ದ ಒಂದು ಸಂಬಂಧ ಆಗಲೇ ಮುರಿದಿತ್ತು. ಈ ಸಂಬಂಧವನ್ನು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ವರನ ಅಜ್ಜಿ ಪತ್ರಿಕೆಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಮೂಲಿ ಹರದ ಕಾಗದ ತಂದೀರಲ್ರಿ ಮಾಸ್ತರ. ಯಾರ ತೀರ್ಕೊಂಡಾರ?"

ಸಾವಿನ ಸುದ್ದಿಯ ಕಾಗದವನ್ನು ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ರೂಢಿ. ಅದು ಕಂಡರೆ ಓದುವ ಮೊದಲೇ ಅಳು ಶುರುವಾಗುತ್ತದೆ. ಇವರೋ ಜಪಾನು, ಹಳದಿ ಹೂವು, ಮೂರು ಟೊಂಗೆ ಎಂದು ಪಾಠಕ್ಕೆ ನಿಂತರು. ಪಡಸಾಲೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಂಥವರನ್ನು ಕಟ್ಟಿಕೊಂಡೆನಲ್ಲ ಎಂಬ ನಾಚಿಕೆಯಲ್ಲಿ ತಲೆ ತಗ್ಗಿಸಿ ಕುಳಿತೆ.

"ಅಪಶಕುನ ಆತ್ರಿ. ಹುಡುಗನ ಅಪ್ಪ ಹೊಲದಿಂದ ಬರ್ಲಿ, ಈ ಲಗ್ನದ ವಿಚಾರ ಮಾಡೂಣು" ಎಂದರು ಅಜ್ಜಿ.

ಇವರ ಪಾಠ ನಿಂತಿತು. "ನಂದ ತಪ್ಪಾತ್ರಿ ಆಯಿ. ಒಂದ ಕತ್ತರಿ ಕೊಡ್ರಿ" ಎಂದರು. ನೆಲದ ಮೇಲೆ ಕುಳಿತು ನಾಲ್ಕೂ ಅಂಚುಗಳನ್ನು ನೆಟ್ಟಗೆ ಕತ್ತರಿಸಿದರು. ನಾನು ಹಚ್ಚಿದ್ದ ಅರಿಷಿಣವೂ ಚೂರುಗಳ ಜೊತೆ ಉದುರಿತು. ಅವರದೇ ಮನೆಯ ಅರಿಷಿಣ ಬೇಡಿ ಮತ್ತೆ ಹಚ್ಚಿದೆ.

"ಈಗ ಬರೋಬ್ಬರಿ ಆತ ನೋಡ್ರಿ" ಎಂದು ಅಜ್ಜಿ ಪತ್ರಿಕೆಯನ್ನು ದೇವರ ಮುಂದಿಟ್ಟು ನನಗೆ ಕುಂಕುಮ ಹಚ್ಚಿದರು. ಲಗ್ನ ಉಳಿಯಿತು. ಇವರು ಚೂರುಗಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಬಸ್ಸು ಹತ್ತಿದೆವು. ಅಥಣಿಯಲ್ಲಿ ನನ್ನ ಅಕ್ಕನ ಮನೆಗೆ ಪತ್ರಿಕೆ ಕೊಡುವುದಿತ್ತು. ಅಕ್ಕ ನಗುತ್ತ ಬಂದು ಕಾಲಿಗೆ ನೀರು ಕೊಟ್ಟಳು. ಇವರು ಕೈಚೀಲವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಹೊರಗೇ ನಿಂತರು.

"ಅಕ್ಕಾರ, ಒಳಗ ಬರೂಕಿಂತ ಮೊದ್ಲ ಒಂದ ಕತ್ತರಿ ಕೊಡ್ರಿ" ಎಂದರು.

ಆಗ ನನ್ನ ಬಗ್ಗೆಯೇ ಆದ ನಾಚಿಕೆ ತೆಲಸಂಗದಲ್ಲಿ ಇವರ ಬಗ್ಗೆ ಆದದ್ದಕ್ಕಿಂತ ದೊಡ್ಡದು. ಇವರ ಮುಖ ನೋಡಲಾಗದೆ ನಾನು ಕಾಲು ತೊಳೆಯುತ್ತಲೇ ನಿಂತೆ.