ಒಂದು ಮೊಳೆ, ಎರಡು ಕಣ್ಣು

ನಮ್ಮ ನಡುಮನೆಯ ಗೋಡೆಯಲ್ಲಿ ನಾಲ್ಕು ಮೊಳೆಗಳಿವೆ. ಮೊದಲನೆಯದರಲ್ಲಿ ಹಾಲಿನ ಡೈರಿಯವರು ಕೊಟ್ಟ ಕ್ಯಾಲೆಂಡರು, ಎರಡನೆಯದರಲ್ಲಿ ನನ್ನ ಕೊಡೆ ಮತ್ತು ಕೈಚೀಲ, ಮೂರನೆಯದರಲ್ಲಿ ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಬೀಗದ ಕೈಗಳ ಗೊಂಚಲು. ನಾಲ್ಕನೆಯದು ಖಾಲಿ. ಖಾಲಿ ಮೊಳೆಯನ್ನು ಕಂಡು ಸುಮ್ಮನಿರುವ ಗೃಹಸ್ಥ ಈ ಭೂಮಂಡಲದಲ್ಲಿ ಇರಲಾರ; ಏನೂ ಇಲ್ಲದಿದ್ದರೆ ಒದ್ದೆ ಟವೆಲನ್ನಾದರೂ ನೇತುಹಾಕುತ್ತಾನೆ. ಆದರೆ ಈ ಮೊಳೆಗೆ ಒಂದು ಕರವಸ್ತ್ರವನ್ನು ಸಿಕ್ಕಿಸಲೂ ನನಗೆ ಧೈರ್ಯವಿಲ್ಲ. ಯಾಕೆ ಎಂದು ಕೇಳುವಿರಾದರೆ ಕೊಂಚ ಕೂತು ಕೇಳಿ, ನನ್ನ ಮಾನ ಹೋಗುವ ಕತೆಯಾದ್ದರಿಂದ ಬೇಗ ಮುಗಿಸುತ್ತೇನೆ.

ಆ ಮೊಳೆಯಲ್ಲಿ ಇದ್ದದ್ದು ಅಪ್ಪನ ಫೋಟೋ. ಅಪ್ಪ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋಗಿ ಚಿನ್ನದ ಗಣಿಗೆ ಇಳಿಯುತ್ತಿದ್ದವನು. ನನಗೆ ಆರು ವರ್ಷವಾಗಿದ್ದಾಗ ಒಂದು ದಿನ ಒಳಗೆ ಬಂಡೆ ಸಿಡಿಯಿತು. ಇಳಿದವನನ್ನು ಬೇರೆಯವರು ಮೇಲಕ್ಕೆ ತಂದರು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ. ಬದುಕಿದ್ದಷ್ಟು ಕಾಲ ಅವನು ಒಂದೂ ಫೋಟೋ ತೆಗೆಸಿಕೊಂಡವನಲ್ಲವಾದ್ದರಿಂದ ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದವನನ್ನು ಕರೆಸಿದರು. ಅವನಿಗೆ ಇದು ಹೊಸತೇನಲ್ಲ. ಹೋದವರನ್ನು ಗೋಡೆಗೆ ಒರಗಿಸಿ, ಹಿಂದೆ ಒಂದು ಬಿಳಿ ಪಂಚೆ ಹಿಡಿಸಿ, ಫೋಟೋ ತೆಗೆದು, ಆಮೇಲೆ ಅದರ ಮೇಲೆ ಕುಂಚದಲ್ಲಿ ಕೋಟು ತೊಡಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆದುಕೊಡುವುದು ಅಲ್ಲಿನ ಪದ್ಧತಿ. ಕಣ್ಣು ಮುಚ್ಚಿದ ಪಟವನ್ನು ಮನೆಯಲ್ಲಿ ಹಾಕಿದರೆ ಹೋದವನು ಇನ್ನೂ ಗಣಿಯ ಕೆಳಗೇ ಉಳಿದ ಹಾಗೆ ಎಂದು ಗಣಿಯ ಜನ ನಂಬಿದ್ದರು.

ಸ್ಟುಡಿಯೋದವನು ತಮಿಳಿನವನು. "ಕಣ್ಣು ಎಪ್ಪಡಿಮ್ಮಾ ಇರುಂದದು? ಸಣ್ಣದಾ, ದೊಡ್ಡದಾ?" ಎಂದು ಅಮ್ಮನನ್ನು ಕೇಳಿದನಂತೆ. ಅಮ್ಮ ತಬ್ಬಿಬ್ಬಾದಳು. ಮದುವೆಯಾಗಿ ಏಳು ವರ್ಷವಾಗಿತ್ತು. ಗಂಡ ಬೆಳಕು ಹರಿಯುವ ಮುಂಚೆ ರೈಲಿಗೆ ಹೋಗಿ ಕತ್ತಲಾದ ಮೇಲೆ ಬರುವವನು, ಅತ್ತೆ ಮಾವ ಇರುವ ಮನೆಯಲ್ಲಿ ಅವಳು ತಲೆ ಬಗ್ಗಿಸಿಯೇ ಊಟಕ್ಕೆ ಬಡಿಸಿದವಳು. "ನಾನೆಲ್ಲಯ್ಯಾ ನೋಡಿದ್ದೆ ಅವ್ರ ಕಣ್ಣ?" ಎಂದವಳೇ ಸೆರಗಿನ ಹಿಂದಿದ್ದ ನನ್ನನ್ನು ಮುಂದೆ ತಳ್ಳಿದಳು: "ಇವನ್ದು ನೋಡ್ಕಂಡು ಬರ್ಕೊ. ಅಪ್ಪನಂಗೇ ಅವ್ನೆ ಅಂತಾರೆ ಎಲ್ರೂ."

ಹೀಗಾಗಿ ನಾನು ಸ್ಟುಡಿಯೋದ ಸ್ಟೂಲಿನ ಮೇಲೆ ಬಾಯಲ್ಲೊಂದು ಪೆಪ್ಪರ್‌ಮಿಂಟು ಇಟ್ಟುಕೊಂಡು ರೆಪ್ಪೆ ಬಡಿಯದೆ ಕೂತೆ. ಮೀಸೆ ಹೊತ್ತ ಮೂವತ್ತರ ಮುಖದಲ್ಲಿ ಆರು ವರ್ಷದ ಕಣ್ಣುಗಳು ಬಂದು ಕುಳಿತವು. ಪರಿಣಾಮವಾಗಿ ಅಪ್ಪ ಅಲ್ಲಿಂದೀಚೆಗೆ ನನ್ನನ್ನು ಅಖಂಡ ವಿಸ್ಮಯದಿಂದಲೇ ನೋಡುತ್ತ ಬಂದ. ನಾನು ಗಣಿತದಲ್ಲಿ ಫೇಲಾದಾಗಲೂ ಅದೇ ಬೆರಗು, ಕನ್ನಡ ಮೇಷ್ಟ್ರಾಗಿ ನೇಮಕವಾದಾಗಲೂ ಅದೇ ಬೆರಗು.

ಅಮ್ಮನಿಗೆ ಮಾತ್ರ ಆ ಕಣ್ಣು ಸಾಕಾಗಿತ್ತು. ಬದುಕಿದ್ದಾಗ ನೋಡಲಾಗದ್ದನ್ನು ಅವಳು ಆಮೇಲೆ ಐವತ್ತು ವರ್ಷಕ್ಕೂ ಮಿಕ್ಕಿ ನೋಡಿದಳು. ಮನೆ ಬದಲಿಸುವಾಗ ಫೋಟೋದ ಗಾಜು ಒಡೆದುಹೋಗಿತ್ತು. ಮತ್ತೆ ಹಾಕಿಸಲು ಬಿಟ್ಟವಳಲ್ಲ. ದಿನಾ ಬೆಳಗ್ಗೆ ಹಾಲು ಕರೆದು ಬಂದವಳೇ ಸೆರಗಿನ ತುದಿಯಿಂದ ಆ ಮುಖ ಒರೆಸಿ, "ಇವತ್ತು ಡೈರೀಲಿ ಹಾಲು ತೆಳ್ಳಗೈತೆ ಅಂದ್ರು, ನೀನೇ ಹೇಳು, ನಾನ್ ನೀರ್ ಹಾಕೋಳಾ?" ಎಂದು ನ್ಯಾಯ ಕೇಳುತ್ತಿದ್ದಳು. ಎದುರಿಗಿದ್ದಾಗ ಬಾಯಿಗೆ ಬಾರದ 'ನೀನು' ಪಟದ ಮುಂದೆ ಸರಾಗವಾಗಿ ಬರುತ್ತಿತ್ತು.

ಇನ್ನು ನನ್ನ ಪ್ರತಾಪ. ಈಗೀಗ ಗತಕಾಲವನ್ನು ಕಾಪಾಡುವುದೂ ಒಂದು ಕಸುಬಾಗಿದೆ. ಗಣಿ ಮುಚ್ಚಿದ ಮೇಲೆ ನಮ್ಮ ಕಡೆ ತಿರುಗಿ ನೋಡದಿದ್ದವರೆಲ್ಲ ಈಗ ಕ್ಯಾಮೆರಾ ಹೊತ್ತು ಬರುತ್ತಾರೆ. ಚಿನ್ನ ಸೋಸಿ ಚೆಲ್ಲಿದ ಮಣ್ಣಿನ ಸೈನೈಡ್ ದಿಬ್ಬದ ಮುಂದೆ ನಿಂತು ಮೌನ ತಾಳುತ್ತಾರೆ, ತುಕ್ಕಿಗೆ ಕೈಮುಗಿಯುತ್ತಾರೆ. ನಂದಿದುರ್ಗ ಗಣಿಯ ಕೂಲಿಕಾರರ ಲೈನುಮನೆಯ ಮುದುಕಿಯೊಬ್ಬಳು ಮುರಿದ ಕಿಟಕಿಗೊಂದು ಕದ ಹಾಕಿಸಿಕೊಡಪ್ಪಾ ಎಂದರೆ, ಬೇಡಜ್ಜಿ, ಬೆಳಕು ಎಷ್ಟು ಚೆನ್ನಾಗಿ ಬೀಳುತ್ತಿದೆ ನೋಡಿ ಎಂದನಂತೆ ಒಬ್ಬ ಮಹಾನುಭಾವ. ಇವರನ್ನು ಹೀಗೆ ಗೇಲಿ ಮಾಡುವ ಹಕ್ಕು ನನಗಿಲ್ಲ. ಅವರಲ್ಲಿ ಒಬ್ಬಾಕೆ ನಮ್ಮ ಮನೆಗೆ ಬಂದು "ಸರ್, ನಿಮ್ಮಂಥವರು ಮಾತಾಡಬೇಕು" ಎಂದ ಕೂಡಲೇ ನಾನು ಒಗೆದ ಜುಬ್ಬಾ ಹುಡುಕಿದವನು.

ಆಕೆ ಬೆಂಗಳೂರಿನ ಕಲಾವಿದೆ. ಚಾಂಪಿಯನ್ ರೀಫ್ಸಿನ ಪಾಳು ಹಾಲೊಂದರಲ್ಲಿ ಗಣಿ ಕುಟುಂಬಗಳ ಹಳೆಯ ಫೋಟೋಗಳ ಪ್ರದರ್ಶನ ಮಾಡುವವಳಿದ್ದಳು. ಕೆಟ್ಟವಳಲ್ಲ ಪಾಪ, ಅಮ್ಮನ ಕೈಯ ರಾಗಿಮುದ್ದೆಯನ್ನು ಕಷ್ಟಪಟ್ಟು ನುಂಗಿದಳು. ಅಪ್ಪನ ಫೋಟೋ ನೋಡಿ, ಈ ಕಣ್ಣುಗಳಲ್ಲಿ ಏನೋ ಇದೆ ಎಂದಳು. ನಾನಾದರೂ ಸುಮ್ಮನಿರಬೇಕಿತ್ತು. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ, ಸುಮ್ಮನಿರುತ್ತದೆಯೆ? "ಅವು ಅಸಲಿ ಅಲ್ಲಮ್ಮ. ಬಣ್ಣದ ಕೆಳಗೆ ಮುಚ್ಚಿದ ಕಣ್ಣುಗಳಿವೆ" ಎಂದು ಕತೆಯನ್ನೆಲ್ಲ ಬಿಚ್ಚಿದೆ. ಆಕೆಯ ಮುಖ ಬೆಳಗಿತು. ಆ ಬಣ್ಣ ತೆಗೆದು ತೋರಿಸಬಹುದೆ ಎಂದು ಕೇಳಿದಳು. ಈಗಿನ ಕಾಲದಲ್ಲಿ ಎಲ್ಲರೂ ಎಲ್ಲವನ್ನೂ ಕಂಪ್ಯೂಟರಿನಲ್ಲೇ ತೆಗೆಯುವುದು, ಹಾಕುವುದು ಮಾಡುತ್ತಾರಾದ್ದರಿಂದ ನಾನೂ ಹಾಗೇ ಅಂದುಕೊಂಡೆ. "ಧಾರಾಳವಾಗಿ. ಸತ್ಯ ಕಾಣಲಿ" ಎಂದು ಅಪ್ಪಣೆ ಕೊಟ್ಟು, ಪಟದ ಕೆಳಗೆ ಹಾಕಲು ಒಂದು ವಾಕ್ಯವನ್ನೂ ಬರೆದುಕೊಟ್ಟು, ಆಕೆ ಚಾಚಿದ ಕಾಗದವನ್ನು ಓದದೆ ಸಹಿ ಹಾಕಿದೆ. ಪ್ರಶ್ನೆಯನ್ನು ಎರಡು ಸಲ ಓದಿಕೊಂಡು ಉತ್ತರ ಬರೆಯಿರಿ ಎಂದು ಮಕ್ಕಳ ಪ್ರಾಣ ತಿಂದವನು ನಾನೇ.

ಅಮ್ಮ ಕೊಟ್ಟಿಗೆಯಲ್ಲಿದ್ದಾಗ ಆಕೆ ಫೋಟೋ ಒಯ್ದಳು. ಅಮ್ಮನಿಗೆ, ಗಾಜು ಹಾಕಿಸಲು ಕೊಟ್ಟಿದ್ದೇನೆಂದು ಸುಳ್ಳು ಹೇಳಿದೆ. "ಗಾಜು ಯಾಕ್ಲಾ?" ಎಂದಳು. ಧೂಳು ಎಂದೆ.

ಪ್ರದರ್ಶನದ ದಿನ ಹೋದರೆ ಬಾಗಿಲ ಎದುರಿಗೇ ಜಮಖಾನದಷ್ಟು ಅಗಲಕ್ಕೆ ಅಪ್ಪ, ಕಣ್ಣು ಮುಚ್ಚಿಕೊಂಡು. ಕೆಳಗೆ ನಾನೇ ಬರೆದುಕೊಟ್ಟ ವಾಕ್ಯ, ಗೇಣುದ್ದದ ಅಕ್ಷರಗಳಲ್ಲಿ: "ಬಣ್ಣದ ಸುಳ್ಳು ಕಳಚಿದಾಗ." ಮೂಲ ಫೋಟೋ ಎಲ್ಲಿ ಎಂದು ಕೇಳಿದೆ. ಆಕೆ ನನ್ನನ್ನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ನಮ್ಮ ಮನೆಯದೇ ಫೋಟೋ, ಅದೇ ಕೋಟು, ಅದೇ ಮೀಸೆ. ಹತ್ತಿಯಲ್ಲಿ ಔಷಧಿ ಅದ್ದಿ ಮೂರು ದಿನ ಕೂತು, ರೆಪ್ಪೆಗೆ ಒಂದು ಗೀರೂ ಆಗದಂತೆ ಕಣ್ಣುಗಳನ್ನು ಒರೆಸಿ ತೆಗೆದೆನೆಂದು ಆಕೆ ಹೆಮ್ಮೆಯಿಂದ ಹೇಳಿದಳು. ನಾನು ತಲೆಯಾಡಿಸಿದೆ. ಬೈಯಬೇಕಿತ್ತು, ಅಳಬೇಕಿತ್ತು, ಎರಡೂ ಮಾಡದೆ ಚಹಾ ಕುಡಿದೆ.

ಅಷ್ಟರಲ್ಲಿ ಪಕ್ಕಕ್ಕೆ ಒಬ್ಬ ಮುದುಕ ಬಂದು ನಿಂತ. ಹಳೆಯ ಗಣಿ ಕೆಲಸಗಾರನೆಂದು ಕಲ್ಲುಧೂಳು ತಿಂದ ಅವನ ಉಸಿರೇ ಹೇಳುತ್ತಿತ್ತು. "ತಪ್ಪು ಸಾರ್ ಇದು. ಕಣ್ಣು ಮುಚ್ಚಿದ ಪಟ ಹಾಕಬಾರ್ದು. ಮನುಷ್ಯ ಕೆಳಗೇ ಇರ್ತಾನೆ, ಮೇಲೆ ಬರಲ್ಲ" ಎಂದು ಕೆಮ್ಮಿ, "ಯಾರು ಸಾರ್ ಇವರು, ಗೊತ್ತಾ?" ಎಂದ.

"ಗೊತ್ತಿಲ್ಲ" ಎಂದೆ. ಥೂ ನನ್ನ ಜನ್ಮಕ್ಕಿಷ್ಟು.

ಫೋಟೋ ಹೊಸ ಚೌಕಟ್ಟು, ಹೊಸ ಗಾಜಿನೊಂದಿಗೆ ವಾಪಸ್ಸು ಬಂತು. ಅದೃಷ್ಟವೆನ್ನಿ, ದುರದೃಷ್ಟವೆನ್ನಿ, ಅಮ್ಮನ ಎರಡೂ ಕಣ್ಣಿಗೆ ಅಷ್ಟರಲ್ಲಿ ಪೊರೆ ಬಲಿತಿತ್ತು. ಅವಳ ಪಾಲಿಗೆ ಗೋಡೆಯ ಮೇಲೆ ಒಂದು ಕಪ್ಪು ಚೌಕ ಇದ್ದರೆ ಆಯಿತು. ಮೊದಲ ದಿನ ಸೆರಗಿನಿಂದ ಒರೆಸಿದಳು, ಬೆರಳಿನಿಂದ ಗಾಜನ್ನು ಮೇಲಿಂದ ಕೆಳಗೆ ಸವರಿದಳು. ಡೈರಿಯ ಸುದ್ದಿ ಮಾತ್ರ ಹೇಳಲಿಲ್ಲ. ನಾನು ಪಾರಾದೆನೆಂದುಕೊಂಡೆ.

ಡಾಕ್ಟರು, "ಪೊರೆ ತೆಗೆಸಿಬಿಡಿ, ಅರ್ಧ ಗಂಟೆಯ ಕೆಲಸ" ಎಂದರು. ನಾನು ಬೇಸಿಗೆ ಕಳೆಯಲಿ ಎಂದೆ. ಆಮೇಲೆ ಮಳೆ ಕಳೆಯಲಿ ಎಂದೆ. ಆಮೇಲೆ ಶುಗರ್ ಇಳಿಯಲಿ ಎಂದೆ. ಹೆಂಡತಿ, "ಏನ್ರೀ ನೀವು, ಆ ಜೀವ ಗೋಡೆ ತಡಕಾಡ್ಕೊಂಡು ಓಡಾಡ್ತೈತೆ, ಕಣ್ಣಿಗೆ ಕಾಣಲ್ವಾ?" ಎಂದು ಜಗಳ ಮಾಡಿದಳು. ಕಾಣುತ್ತಿತ್ತು. ಹೆತ್ತವಳಿಗೆ ದೃಷ್ಟಿ ಬಂದರೆ ನನ್ನ ಗುಟ್ಟು ಬಯಲಾಗುತ್ತದೆಂದು ಅವಳನ್ನು ಕತ್ತಲಲ್ಲೇ ಇಟ್ಟಿದ್ದೆ. ಸತ್ಯ ಕಾಣಲಿ ಎಂದು ಅಪ್ಪಣೆ ಕೊಟ್ಟ ದೊಡ್ಡ ಮನುಷ್ಯನ ಸಂಗತಿ ಇದು.

ಒಂದು ಮಧ್ಯಾಹ್ನ ಹೊರಗಿನಿಂದ ಬಂದೆ. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಅಮ್ಮ ಕೆಳಗೆ ಕೂತು ಟ್ರಂಕಿನ ಮುಚ್ಚಳ ಹಾಕುತ್ತಿದ್ದಳು. ಒಳಗೆ ಫೋಟೋವನ್ನು ತನ್ನ ಮದುವೆ ಸೀರೆಯಲ್ಲಿ ಸುತ್ತಿಟ್ಟಿದ್ದಳು. ನಾನು ಗಾಜು, ಧೂಳು ಎಂದೇನೋ ತೊದಲಿದೆ.

"ಕಟ್ಟು ಹಿಂದ್ಗಡೆಯಿಂದ ಬಿಚ್ಚಿ ಬೆಳ್ಳಲ್ಲಿ ಮುಟ್ಟಿ ನೋಡ್ದೆ ಕಣ್ಲಾ" ಎಂದಳು. "ಆ ಬಣ್ಣ ಉಬ್ಬಿಕೊಂಡಿತ್ತಲ್ಲ, ದಿನಾ ನನ್ ಬೆಳ್ಳಿಗೆ ಸಿಕ್ತಿತ್ತು. ಈಗ ಬರೀ ನುಣ್ಣಗೈತೆ. ನಿನ್ ಕಣ್ಣು ಅವು. ಕೊಟ್ಟೋನೂ ನೀನೇ, ಕಿತ್ಕಂಡೋನೂ ನೀನೇ."

ಅವಳು ಟ್ರಂಕಿಗೆ ಕೈಯೂರಿ ಎದ್ದು, "ಆಸ್ಪತ್ರೆಗೆ ಕರ್ಕಂಡೋಗು ಇನ್ನ" ಎಂದಳು. "ಪಟ ತೆಗ್ದಿಟ್ಟಿದೀನಿ. ಎದ್ರುಕೋಬ್ಯಾಡ."

ಮಾರನೆಯ ವಾರವೇ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ನಡುಮನೆಯಲ್ಲಿ ನಿಂತು ಕ್ಯಾಲೆಂಡರು ನೋಡಿದಳು, ನನ್ನ ಕೊಡೆ ನೋಡಿದಳು, ಬೀಗದ ಕೈಗಳನ್ನು ನೋಡಿದಳು. ನಾಲ್ಕನೆಯ ಮೊಳೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಹೊತ್ತು ನನ್ನ ಕಣ್ಣುಗಳನ್ನೇ ನೋಡಿದಳು. ನಾನು ಆ ಮೊಳೆ ನೋಡುತ್ತ ನಿಂತಿದ್ದೆ.